ಅವ್ವನ ‘ಆತ್ಮನು’

ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಶುರುವಾಗುತ್ತಿದ್ದುದು ಓಣಿಯ ಮಗ್ಗಗಳ ಸದ್ದು ನಿಂತ ಮೇಲೆ. ಬೆಟಗೇರಿಯಲ್ಲಿ ಬೆಳೆದವರಿಗೆ ಅದು ಗೊತ್ತು. ಹಗಲೆಲ್ಲ ಕಿವಿಯಲ್ಲಿ ಆಡುತ್ತಿದ್ದ ಲಾಳಿಯ ಸಪ್ಪಳ ಒಮ್ಮೆಲೇ ನಿಂತರೆ ಮನೆ ಇದ್ದುದಕ್ಕಿಂತ ದೊಡ್ಡದಾದಂತೆ ಅನಿಸುತ್ತದೆ. ಅಪ್ಪ ಕಂದೀಲಿನ ಬತ್ತಿ ಏರಿಸಿ, ಕಪ್ಪು ರೆಕ್ಸಿನ್ ಹೊದಿಕೆಯ ಸತ್ಯವೇದ ತೆಗೆದು ಒಂದು ಅಧ್ಯಾಯ ಓದುವರು. ಎಲ್ಲಿಯವರೆಗೆ ಓದಾಯಿತೆಂಬ ಗುರುತಿಗೆ ಅವ್ವ ಇಟ್ಟಿದ್ದ ಕೆಂಪು ಎಳೆಯೊಂದು ಪುಟಗಳ ನಡುವಿನಿಂದ ಇಳಿಬಿದ್ದಿರುತ್ತಿತ್ತು. ಎದುರುಮನೆಯ ನೇಕಾರರು ಸೀರೆ ಇಳಿಸಿದ ದಿನ ಕೊಟ್ಟ ಎಳೆ ಅದು.

ಅಪ್ಪ ಶಾಲೆಯ ಮಾಸ್ತರರು. ಅಯ್ಯನವರು ಊರಲ್ಲಿಲ್ಲದ ಭಾನುವಾರ ದೇವಾಲಯದಲ್ಲಿ ಪ್ರಸಂಗ ಮಾಡುವವರೂ ಅವರೇ. ಆದರೆ ಮನೆಯ ಪ್ರಾರ್ಥನೆಯನ್ನು ಅವ್ವನಿಗೆ ಬಿಟ್ಟುಕೊಟ್ಟಿದ್ದರು. ಅವ್ವ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅವಳ ಪ್ರಾರ್ಥನೆಯಲ್ಲಿ ಜೋಳದ ರೇಟು, ತಮ್ಮನ ಜ್ವರ, ಹಿತ್ತಲ ಬಾವಿಯ ನೀರು ಎಲ್ಲವೂ ಬರುತ್ತಿದ್ದವು. ಮೊದಲು ತಂದೆಯನ್ನು ಕರೆಯುವಳು, ನಂತರ ಯೇಸುವನ್ನು. ಕೊನೆಗೆ ದನಿ ಇಳಿಸಿ, ಪಕ್ಕದಲ್ಲೇ ಕೂತವರೊಡನೆ ಮಾತಾಡಿದ ಹಾಗೆ, ‘ಪವಿತ್ರಾತ್ಮನು ನಮ್ಮ ಮನ್ಯಾಗ ಇರಲಿ’ ಅನ್ನುವಳು.

ನಾನಾಗ ಆರನೆಯ ಇಯತ್ತೆ. ಶಾಲೆಯಲ್ಲಿ ಲಿಂಗ, ವಚನ, ವಿಭಕ್ತಿ ಕಲಿಸಿದ್ದರು. ಹೊಸದಾಗಿ ಕಲಿತ ಮಕ್ಕಳ ಹುರುಪಿನಲ್ಲಿ ಒಂದು ಸಂಜೆ ಹೇಳಿಬಿಟ್ಟೆ: “ಅವ್ವಾ, ಪವಿತ್ರಾತ್ಮನು ಅನಬಾರದು. ಆತ್ಮ ಅಂದ್ರ ನಪುಂಸಕಲಿಂಗ. ಪವಿತ್ರಾತ್ಮವು ಅನಬೇಕು. ಅಪ್ಪ ಹಂಗ ಅಂತಾರು.”

ಅವ್ವ ಸಿಟ್ಟಾಗಲಿಲ್ಲ. “ಹೌದೇನವಾ? ನೀ ಸಾಲಿ ಕಲತಾಕಿ, ನಿನಗ ಗೊತ್ತು. ಆದ್ರ ನಾ ದಿನಾ ಮಾತಾಡಸೂದು ಸಾಮಾನನ್ನಲ್ಲ ನೋಡು. ಹೆಂಗ ‘ಅದು’ ಅನ್ಲಿ?”

ಅಪ್ಪ ಕನ್ನಡಕ ತೆಗೆದು ಅವ್ವನ ಮುಖವನ್ನೇ ನೋಡಿದರು. ಏನೂ ಹೇಳಲಿಲ್ಲ. ಮರುದಿನದಿಂದ ಅವರ ಪ್ರಾರ್ಥನೆಯಲ್ಲೂ ‘ಆತ್ಮನು’ ಬಂತು.

ಕ್ರೈಸ್ತರ ದೇವಶಾಸ್ತ್ರದಲ್ಲಿ ತ್ರಯೇಕತ್ವಕ್ಕಿಂತ ಕಠಿಣವಾದ ವಿಷಯ ಇನ್ನೊಂದಿಲ್ಲ ಅನ್ನುತ್ತಾರೆ. ತಂದೆ, ಮಗ, ಪವಿತ್ರಾತ್ಮ; ದೇವರು ಒಬ್ಬನೇ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ದೇವಶಾಸ್ತ್ರ ಓದಿದವಳಲ್ಲ. ಆದರೆ ಈ ಸಿದ್ಧಾಂತ ಶಾಸ್ತ್ರಗ್ರಂಥದಲ್ಲಿ ಎಲ್ಲಿದೆ ಎಂದು ಹುಡುಕುತ್ತ ಹೋದ ದಾರಿಯಲ್ಲಿ ನನಗೆ ಪದೇ ಪದೇ ಎದುರಾದದ್ದು ಆ ಸಂಜೆ ಅವ್ವ ಬಿಡಲೊಲ್ಲೆನೆಂದ ಒಂದು ಪ್ರತ್ಯಯ.

ಹುಡುಕಾಟ ಶುರುವಾದದ್ದು ಒಂದು ಪ್ರಶ್ನೆಯಿಂದ. ಶಾಲೆಯಲ್ಲಿ ನನ್ನ ಬೆಂಚಿನ ಗೆಳತಿ ಮುಸ್ಲಿಮರ ಮನೆಯ ಹುಡುಗಿ. ರೊಟ್ಟಿ, ಪಲ್ಯ ಹಂಚಿಕೊಂಡು ತಿನ್ನುವವರು ನಾವು. ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದಳು: “ನಿಮಗ ಮೂರು ದೇವರಂತಲ್ಲ? ನಮಗ ಒಬ್ಬಾಂವನ.” ನಮಗೂ ಒಬ್ಬನೇ ಎಂದೆ. “ಹಂಗಾರ ಆ ಮೂರು ಯಾವು?” ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಆಸೆಯಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ. ಇನ್ನೊಂದು ಕಡೆಯಿಂದ ಓಣಿಯ ಹಿರಿಯರು, ಬ್ರಹ್ಮ ವಿಷ್ಣು ಮಹೇಶ್ವರ ಇದ್ದ ಹಾಗೆ ನಿಮ್ಮಲ್ಲೂ ಮೂವರು ಎಂದು ಪ್ರೀತಿಯಿಂದಲೇ ಸಮಾಧಾನ ಹೇಳುತ್ತಿದ್ದರು. ಅದೂ ನಮ್ಮ ಮಾತಲ್ಲವೆಂದು ಮಾತ್ರ ನನಗೆ ಗೊತ್ತಿತ್ತು.

ಸಂಜೆ ಅಪ್ಪನನ್ನು ಕೇಳಿದೆ. ಅವರು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ತೆಗೆದು ನಾಲ್ಕನೆಯ ವಚನದ ಮೇಲೆ ಬೆರಳಿಟ್ಟರು. ದೇವರು ಒಬ್ಬನೇ ಎಂದು ಇಸ್ರಾಯೇಲ್ಯರಿಗೆ ಸಾರುವ ವಚನ ಅದು. “ಯೆಹೂದ್ಯರು ಇದನ್ನ ಮುಂಜಾನಿ, ಸಂಜೀಕ ಹೇಳತಾರ. ಮಾರ್ಕನ ಹನ್ನೆರಡರಾಗ ನೋಡು, ಎಲ್ಲಾದಕ್ಕಿಂತ ದೊಡ್ಡ ಆಜ್ಞಾ ಯಾವುದು ಅಂತ ಕೇಳಿದಾಗ ಯೇಸು ಮೊದಲ ಹೇಳಿದ್ದೂ ಇದನ್ನ. ನಿನ್ನ ಗೆಳತಿ ಹೇಳಿದ್ದು ಖರೇ. ಮೊದಲ ಇದು ಗಟ್ಟಿ ಆಗಲಿ. ಮೂರರ ಮಾತು ಆಮ್ಯಾಲ.” ಆ ದಿನ ಅಷ್ಟಕ್ಕೇ ಪುಸ್ತಕ ಮುಚ್ಚಿದರು. ನನಗೆ ನಿರಾಸೆಯಾಗಿತ್ತು. ಕಲಿಸುವವರು ಎಲ್ಲಿಂದ ಶುರುಮಾಡಬೇಕೆಂಬುದು ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದು ತಿಳಿದದ್ದು ನಾನೇ ಶಿಕ್ಷಕಿಯಾದ ಮೇಲೆ.

ಮುಂದೆ ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಯ ಬೈಬಲ್ ತರಗತಿಗೆ ಹೊರಗಿನಿಂದ ಒಬ್ಬ ಬೋಧಕರು ಬಂದರು. ತ್ರಯೇಕತ್ವಕ್ಕೆ ಶಾಸ್ತ್ರಗ್ರಂಥದಲ್ಲಿ ನೇರವಾದ ಆಧಾರ ಒಂದಿದೆ ಎಂದು ಯೋಹಾನನ ಮೊದಲನೆಯ ಪತ್ರದ ಐದನೆಯ ಅಧ್ಯಾಯದ ಏಳನೆಯ ವಚನವನ್ನು ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲಿನಿಂದ ಬಾಯಿಪಾಠ ಮಾಡಿಸಿದರು. ಪರಲೋಕದಲ್ಲಿ ಸಾಕ್ಷಿ ಹೇಳುವವರು ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು, ಮೂವರೂ ಒಂದೇ ಎಂಬ ಅರ್ಥದ ಮಾತು. ತಪ್ಪಿಲ್ಲದೆ ಹೇಳಿದ್ದಕ್ಕೆ ನನಗೆ ಬಣ್ಣದ ಚಿತ್ರದ ಕಾರ್ಡು ಸಿಕ್ಕಿತು. ಓಡಿಹೋಗಿ ಗೆಳತಿಗೆ ತೋರಿಸಿದೆ. ಕೊನೆಗೂ ಉತ್ತರ ಸಿಕ್ಕಿತೆಂಬ ಖುಷಿ ನನಗೆ.

ಆ ಖುಷಿ ಧಾರವಾಡದಲ್ಲಿ ಕಾಲೇಜಿಗೆ ಸೇರಿದ ಎರಡನೆಯ ವರ್ಷ ಮುರಿಯಿತು. ಗ್ರಂಥಾಲಯದಲ್ಲಿ ಬೈಬಲಿನ ಹಸ್ತಪ್ರತಿಗಳ ಕುರಿತ ಪುಸ್ತಕವೊಂದು ಕೈಗೆ ಬಂತು. ಆ ವಚನದ ಆ ಭಾಗ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಲ್ಯಾಟಿನ್ ಪ್ರತಿಗಳ ಕಡೆಯಿಂದ ಬಂದು ಸೇರಿದ್ದು ಅದು. ಎರಾಸ್ಮಸ್ ಎಂಬ ಪಂಡಿತ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಮಾಡಿದಾಗ ಅದನ್ನು ಸೇರಿಸಲಿಲ್ಲ, 1519ರ ಎರಡನೆಯ ಮುದ್ರಣದಲ್ಲೂ ಇಲ್ಲ. ಟೀಕೆಗಳ ಸುರಿಮಳೆಯಾಯಿತು. ಅಷ್ಟರಲ್ಲಿ ಆ ಮಾತಿರುವ ಒಂದು ಗ್ರೀಕ್ ಪ್ರತಿ ಮುಂದೆ ಬಂತು. 1522ರ ಮೂರನೆಯ ಮುದ್ರಣದಲ್ಲಿ ಅವನು ಸೇರಿಸಿಬಿಟ್ಟ. ಆ ಪ್ರತಿ ಅವನ ಕಾಲಕ್ಕೇ ಸೇರಿದ್ದು. ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಅಲ್ಲಿಂದ ಮುಂದೆ ಅಚ್ಚಿನ ಪುಸ್ತಕಗಳಲ್ಲಿ ಅದು ಮುಂದುವರಿದು 1611ರ ಕಿಂಗ್ ಜೇಮ್ಸ್ ಬೈಬಲಿಗೂ ಬಂತು.

ನನಗೆ ಮೋಸ ಹೋದಂತಾಯಿತು. ಬಹುಮಾನ ತಂದುಕೊಟ್ಟ ವಚನವೇ ಆಮೇಲೆ ಸೇರಿಸಿದ್ದು ಎಂದರೆ ಉಳಿದದ್ದರ ಗತಿ ಏನು? ದಸರೆ ರಜೆಗೆ ಊರಿಗೆ ಹೋದಾಗ ಹೊಸ್ತಿಲು ದಾಟುತ್ತಲೇ ಅಪ್ಪನ ಮುಂದೆ ಸುರಿದೆ. ಅವರು ಏನೂ ಹೇಳದೆ ನಮ್ಮ ಮನೆಯ ಕನ್ನಡ ಸತ್ಯವೇದ ತೆಗೆದು ಅದೇ ಜಾಗ ತೋರಿಸಿದರು. ಆತ್ಮ, ನೀರು, ರಕ್ತ ಎಂಬ ಮೂರು ಸಾಕ್ಷಿಗಳ ಮಾತಿತ್ತು. ಪರಲೋಕದ ಮೂವರ ಮಾತು ಇರಲೇ ಇಲ್ಲ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ಪುಸ್ತಕ. ನಾನು ಬಾಯಿಪಾಠ ಮಾಡಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ತೆರೆದು ನೋಡಿಯೇ ಇರಲಿಲ್ಲ.

“ನಮ್ಮ ಪುಸ್ತಕದಾಗ ಆ ಮಾತು ಇಲ್ಲ. ಆದರೂ ಪ್ರತಿ ಕೂಸಿಗೂ ದೀಕ್ಷಾಸ್ನಾನ ಯಾರ ಹೆಸರಿನ್ಯಾಗ ಕೊಡತೀವಿ? ಪ್ರತಿ ಭಾನುವಾರ ಆಶೀರ್ವಚನ ಹೆಂಗ ಕೇಳತೀವಿ? ಒಂದು ವಚನದ ಮ್ಯಾಲ ನಿಂತಿದ್ದಲ್ಲವಾ ಇದು.”

ಆ ರಜೆಯ ಹತ್ತು ದಿನ ಅಪ್ಪನ ಜೊತೆ ಕೂತು ಓದಿದಷ್ಟು ಮತ್ತೆಂದೂ ಓದಲಿಲ್ಲ. ಆಶೀರ್ವಚನದಿಂದ ಶುರುಮಾಡಿದರು. ಆರಾಧನೆಯ ಕೊನೆಗೆ ತಲೆ ಬಾಗಿಸಿ ನಿಂತಾಗ ಅಯ್ಯನವರು ಕೈಯೆತ್ತಿ ಹೇಳುವ ಮಾತು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಕೊನೆಯ ಸಾಲು. ಮೊದಲು ಯೇಸುವಿನ ಕೃಪೆ, ನಂತರ ದೇವರ ಪ್ರೀತಿ, ನಂತರ ಪವಿತ್ರಾತ್ಮನ ಅನ್ಯೋನ್ಯತೆ. ಪತ್ರ ಬರೆದದ್ದು ಕ್ರಿಸ್ತಶಕ 50ರ ದಶಕದಲ್ಲಿ. ನೈಸೀಯದ ಸಭೆ ಸೇರಿ ವಿಶ್ವಾಸಪ್ರಮಾಣ ಬರೆದದ್ದು 325ರಲ್ಲಿ. ನಡುವೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ. ಸಿದ್ಧಾಂತಕ್ಕೆ ಹೆಸರಿಲ್ಲದ ದಿನಗಳಲ್ಲೇ ಜನ ಈ ಮೂವರನ್ನು ಒಂದೇ ಉಸಿರಿನಲ್ಲಿ ಹೆಸರಿಸಿ ಒಬ್ಬರನ್ನೊಬ್ಬರು ಹರಸುತ್ತಿದ್ದರು. ಮೂರು ಎಂಬ ಅರ್ಥದ ಗ್ರೀಕ್ ಪದವನ್ನು ಅಂತಿಯೋಕ್ಯದ ಥಿಯೋಫಿಲಸ್ ದೇವರ ವಿಷಯದಲ್ಲಿ ಬಳಸಿದ್ದು 180ರ ಸುಮಾರಿಗೆ. ಲ್ಯಾಟಿನ್ನಿನಲ್ಲಿ ‘ತ್ರಿನಿತಾಸ್’ ಎಂಬ ಪದಕ್ಕೆ ಈ ಅರ್ಥ ಕೊಟ್ಟವನು ಉತ್ತರ ಆಫ್ರಿಕದ ತೆರ್ತುಲಿಯನ್. ಶಾಸ್ತ್ರಗ್ರಂಥದೊಳಗೆ ಆ ಪದ ಒಂದು ಸಲವೂ ಇಲ್ಲ. ಈಗ ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಟ್ರಿನಿಟಿ ಎಂಬ ದನಿ ಕೇಳುತ್ತೇನೆ. ಅಲ್ಲಿ ದಂಡಿನ ಕಾಲದ ಹೋಲಿ ಟ್ರಿನಿಟಿ ಚರ್ಚಿದೆ, ಅದರಿಂದ ವೃತ್ತಕ್ಕೆ, ವೃತ್ತದಿಂದ ನಿಲ್ದಾಣಕ್ಕೆ ಹೆಸರು. ಹೆಸರು ಹಾಗೆ ಹಿಂದಿನಿಂದ ಬರುತ್ತದೆ. ಚರ್ಚು ಮೊದಲೇ ಇರುತ್ತದೆ.

ಅನ್ಯೋನ್ಯತೆ ಎಂಬ ಮಾತಿನ ಹತ್ತಿರ ಅಪ್ಪ ತುಂಬ ಹೊತ್ತು ನಿಂತರು. ಗಂಡಹೆಂಡತಿ ಅನ್ಯೋನ್ಯವಾಗಿದ್ದಾರೆ ಅನ್ನುತ್ತೇವೆ. ಗಾಳಿಯೊಡನೆ, ಶಕ್ತಿಯೊಡನೆ ಯಾರೂ ಅನ್ಯೋನ್ಯವಾಗಿರಲಾರರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅತ್ತ ನೋಡಿ ಮೆಲ್ಲಗೆ, “ನಿಮ್ಮವ್ವ ನಿನಗಿಂತ, ನನಗಿಂತ ಮೊದಲ ತಿಳಕೊಂಡಾಳ” ಎಂದರು.

ಕನ್ನಡ ಪಾಠ ಹೇಳುತ್ತ ಹೇಳುತ್ತ ನಾನು ಸತ್ಯವೇದವನ್ನು ವ್ಯಾಕರಣದ ಕಣ್ಣಿನಿಂದ ಓದತೊಡಗಿದೆ. ಅದು ನಮ್ಮ ಕಸುಬಿನ ಚಾಳಿ. ಆದಿಕಾಂಡದ ಮೊದಲನೆಯ ವಚನವನ್ನು ಸಾವಿರ ಸಲ ಕೇಳಿದ್ದೆ, ಆದರೆ ಒಂದು ದಿನ ಎಂಟನೆಯ ತರಗತಿಗೆ ಕರ್ತೃ, ಕ್ರಿಯಾಪದಗಳ ಹೊಂದಾಣಿಕೆ ಕಲಿಸಿ ಮನೆಗೆ ಬಂದ ಸಂಜೆ ಅದು ಬೇರೆಯಾಗಿ ಕಂಡಿತು. ಕರ್ತೃ ‘ದೇವರು’, ಕ್ರಿಯಾಪದ ‘ಉಂಟುಮಾಡಿದನು’. ಮಕ್ಕಳು ಬರೆದಿದ್ದರೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ‘ದೇವರು’ ಎಂಬುದರ ರೂಪ ಬಹುವಚನದ್ದು, ಕ್ರಿಯಾಪದ ಏಕವಚನ. ಮೂಲ ಹೀಬ್ರೂವಿನಲ್ಲೂ ಹೀಗೆಯೇ ಎಂದು ತಿಳಿದಾಗ ಮೈ ಜುಮ್ಮೆಂದಿತು. ‘ಎಲೋಹೀಮ್’ ಎಂಬುದು ಬಹುವಚನ ರೂಪ, ‘ಬಾರಾ’ ಎಂಬ ಕ್ರಿಯಾಪದ ಏಕವಚನ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1831ರಲ್ಲಿ ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದಂದಿನಿಂದ ಎಷ್ಟೋ ಕೈಗಳು ಆ ಪಠ್ಯವನ್ನು ತಿದ್ದಿವೆ. ಅವರಲ್ಲಿ ಯಾರು ಇದನ್ನು ಹೀಗೆ ಇರಗೊಟ್ಟರೋ, ಅವರಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹೇಳಿದ್ದೇನೆ.

ಆದರೆ ಇಲ್ಲಿ ಎಚ್ಚರ ಬೇಕು. ಒಂದು ಸಲ ಸುಳ್ಳು ಆಧಾರಕ್ಕೆ ಬಹುಮಾನ ತೆಗೆದುಕೊಂಡವಳು ಇನ್ನೊಮ್ಮೆ ಅದೇ ತಪ್ಪು ಮಾಡಬಾರದು. ಎಲೋಹೀಮ್ ಬಹುವಚನ ಎಂಬುದು ತ್ರಯೇಕತ್ವಕ್ಕೆ ಸಾಕ್ಷಿಯಾಗುವುದಿಲ್ಲ. ಅದು ಹಿರಿಮೆಯನ್ನು ಹೇಳುವ ಬಹುವಚನ ಎಂದು ಹೀಬ್ರೂ ಬಲ್ಲವರು ಹೇಳುತ್ತಾರೆ. ಕನ್ನಡಿಗರು ‘ದೇವರು’ ಅನ್ನುವುದರಿಂದ ಅವರು ಹಲವು ದೇವರನ್ನು ನಂಬುತ್ತಾರೆಂದು ಹೇಗೆ ಹೇಳಲಾಗದೋ ಹಾಗೆ. ಆ ಪದದಲ್ಲಿ ಒಂದು ಬಾಗಿಲು ತೆರೆದಿದೆ ಅಷ್ಟೆ. ಒಳಗೆ ಯಾರಿದ್ದಾರೆಂದು ಹೇಳಬೇಕಾದವನು ಯೇಸು.

ಯೋಹಾನನ ಹತ್ತನೆಯ ಅಧ್ಯಾಯದಲ್ಲಿ ಅವನು ತನ್ನನ್ನೂ ತಂದೆಯನ್ನೂ ಕುರಿತು ಹೇಳುವ ಮಾತು ಕನ್ನಡದಲ್ಲಿ ‘ಒಂದಾಗಿದ್ದೇವೆ’ ಎಂದು ಮುಗಿಯುತ್ತದೆ. ‘ಒಬ್ಬನಾಗಿದ್ದೇನೆ’ ಎಂದಲ್ಲ. ಗ್ರೀಕಿನಲ್ಲಿ ಇರುವುದೂ ಹಾಗೆಯೇ: ನಪುಂಸಕಲಿಂಗದ ‘ಒಂದು’, ಬಹುವಚನದ ‘ಇದ್ದೇವೆ’. ತಂದೆ ಮತ್ತು ಮಗ ಒಬ್ಬನೇ ವ್ಯಕ್ತಿ ಎನ್ನುವವರಿಗೆ ‘ಇದ್ದೇವೆ’ ಅಡ್ಡ ಬರುತ್ತದೆ. ಇಬ್ಬರು ದೇವರು ಎನ್ನುವವರಿಗೆ ‘ಒಂದು’ ಅಡ್ಡ ಬರುತ್ತದೆ. ತೆರ್ತುಲಿಯನ್ ಎಂದೋ ಇದನ್ನು ಗಮನಿಸಿ ಬರೆದಿದ್ದ. ಒಬ್ಬ, ಒಂದು, ಮೂವರು, ಮೂರು. ಈ ಭೇದವನ್ನು ಬಾಯಿಬಿಟ್ಟ ಕೂಡಲೇ ಮಾಡಬೇಕಾದ ಭಾಷೆ ನಮ್ಮದು. ಇಂಗ್ಲಿಷಿನಲ್ಲಿ ಒಂದೇ ಪದದ ಹಿಂದೆ ಅಡಗಬಹುದು, ಕನ್ನಡದಲ್ಲಿ ಅಡಗಲು ಜಾಗವಿಲ್ಲ.

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಶಿಷ್ಯರಿಗೆ ಕೊಟ್ಟ ಅಪ್ಪಣೆಯಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರೂ ಬರುತ್ತಾರೆ, ‘ಹೆಸರು’ ಮಾತ್ರ ಏಕವಚನ. ನನ್ನ ತಮ್ಮನ ಮಗಳ ದೀಕ್ಷಾಸ್ನಾನದ ದಿನ ಇದನ್ನು ಕಣ್ಣಾರೆ ಕಂಡೆ. ಅಯ್ಯನವರು ಕೂಸನ್ನು ಎಡಗೈ ಮೇಲೆ ಮಲಗಿಸಿಕೊಂಡು, ಬಲ ಅಂಗೈಯಲ್ಲಿ ನೀರು ತೆಗೆದು ಒಮ್ಮೆ, ಎರಡನೆಯ ಸಲ, ಮೂರನೆಯ ಸಲ ತಲೆಯ ಮೇಲೆ ಬಿಟ್ಟರು. ಮೂರು ಸಲ ನೀರು, ಒಂದು ಹೆಸರು. ಕೂಸು ಮೊದಲನೆಯ ನೀರಿಗೆ ಬೆಚ್ಚಿತು, ಎರಡನೆಯದಕ್ಕೆ ಅತ್ತಿತು, ಮೂರನೆಯದಕ್ಕೆ ಸುಮ್ಮನೆ ಕಣ್ಣರಳಿಸಿತು. ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಮೊದಲಿಗೋ ಸೇರುವ ‘ದಿದಾಖೆ’ ಎಂಬ ಪುಟ್ಟ ಪುಸ್ತಕದಲ್ಲೂ ಹರಿಯುವ ನೀರೂ ಬೇರೆ ನೀರೂ ಸಾಕಷ್ಟು ಸಿಗದಿದ್ದರೆ ಹೀಗೆಯೇ ಮೂರು ಸಲ ತಲೆಯ ಮೇಲೆ ಸುರಿಯಬೇಕೆಂದಿದೆ. ಅಷ್ಟು ಹಳೆಯ ಕೈಚಲನೆ ನಮ್ಮ ಬೆಟಗೇರಿಯ ಕೂಸಿನ ತಲೆಯ ಮೇಲೆ ನಡೆಯಿತು.

ಸಂಡೇ ಸ್ಕೂಲಿನಲ್ಲಿ ಹಲವು ವರ್ಷ ನಾನೂ ಮಕ್ಕಳಿಗೆ ನೀರು, ಮಂಜುಗಡ್ಡೆ, ಆವಿಯ ಉದಾಹರಣೆ ಹೇಳಿದೆ. ಒಂದೇ ವಸ್ತು, ಮೂರು ರೂಪ. ಮಕ್ಕಳಿಗೆ ಹಿಡಿಸುತ್ತದೆ. ಆದರೆ ಯೊರ್ದನ್ ಹೊಳೆಯ ಕಥೆ ಹೇಳುವಾಗ ಒಬ್ಬ ಹುಡುಗ ಎದ್ದು ನಿಂತ: “ಟೀಚರ್, ಯೇಸು ನೀರಾಗ ನಿಂತಾನ, ಪಾರಿವಾಳ ಇಳಿಯಾಕತ್ತೈತಿ, ಮ್ಯಾಲಿಂದ ಅಪ್ಪ ಮಾತಾಡ್ತಾನ. ಮೂವರೂ ಒಮ್ಮೆಗೇ ಅದಾರಲ್ಲ? ಒಂದ ನೀರು ಒಮ್ಮೆಗೇ ಬರ್ಫೂ ಆವೀನೂ ಆಗಂಗಿಲ್ಲ.” ಅವನು ಹೇಳಿದ್ದು ಸರಿ. ಮೂರನೆಯ ಶತಮಾನದಲ್ಲಿ ಸಬೆಲ್ಲಿಯಸ್ ಎಂಬವನ ಹೆಸರಿನಲ್ಲಿ ಹಬ್ಬಿದ ಬೋಧನೆಯೂ ಇದೇ: ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ. ಸಭೆ ಅದನ್ನು ಒಪ್ಪಲಿಲ್ಲ. ಮತ್ತಾಯನ ಮೂರನೆಯ ಅಧ್ಯಾಯ ಓದಿದ ಹತ್ತು ವರ್ಷದ ಹುಡುಗನೂ ಒಪ್ಪಲಿಲ್ಲ. ಅಂದಿನಿಂದ ನಾನು ಉದಾಹರಣೆ ಬಿಟ್ಟು ಹೊಳೆಯ ದಂಡೆಯ ಕಥೆಯನ್ನೇ ಹೇಳುತ್ತ ಬಂದೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದವನು ಬಸೀಲ. ಈಗಿನ ಟರ್ಕಿಯ ಕೈಸೇರಿ, ಅಂದಿನ ಕಪ್ಪದೋಕ್ಯದ ಕೈಸರೈಯದ ಬಿಷಪ್. 375ರ ಸುಮಾರಿಗೆ ಅವನು ಪವಿತ್ರಾತ್ಮನನ್ನು ಕುರಿತು ಬರೆದ ಪುಸ್ತಕ ಶುರುವಾಗುವುದೇ ವಿಭಕ್ತಿಯ ಜಗಳದಿಂದ ಎಂದು ತಿಳಿದಾಗ ನಂಬಲಾಗಲಿಲ್ಲ. ಅವನು ಆರಾಧನೆಯಲ್ಲಿ ಎರಡು ಬಗೆಯಾಗಿ ಸ್ತುತಿ ಹೇಳುತ್ತಿದ್ದ: ಕೆಲವೊಮ್ಮೆ ಮಗನ ಮೂಲಕ ಆತ್ಮನಲ್ಲಿ ತಂದೆಗೆ ಮಹಿಮೆ, ಕೆಲವೊಮ್ಮೆ ಮಗನ ಸಂಗಡ, ಆತ್ಮನ ಸಂಗಡ ತಂದೆಗೆ ಮಹಿಮೆ. ಈ ‘ಸಂಗಡ’ ಕೆಲವರಿಗೆ ಚುಚ್ಚಿತು. ಅವರ ವಾದ ಹೀಗಿತ್ತು: ತಂದೆಗೆ ‘ಇಂದ’, ಮಗನಿಗೆ ‘ಮೂಲಕ’, ಆತ್ಮಕ್ಕೆ ‘ಅಲ್ಲಿ’, ಪ್ರತ್ಯಯ ಬೇರೆಯಾದರೆ ಸ್ವಭಾವವೂ ಬೇರೆ, ಹಾಗಾಗಿ ಆತ್ಮ ಕೆಳಗಿನದು. ಬಸೀಲ ಶಾಸ್ತ್ರಗ್ರಂಥವನ್ನು ಎಳೆಯೆಳೆಯಾಗಿ ಬಿಡಿಸಿ ತೋರಿಸಿದ. ರೋಮಾಪುರದವರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದ ಕೊನೆಗೆ ‘ಇಂದ’, ‘ಮೂಲಕ’, ‘ಗೋಸ್ಕರ’ ಮೂರೂ ಒಬ್ಬನಿಗೇ ಸಲ್ಲುತ್ತವೆ. ಒಂದೊಂದು ಪ್ರತ್ಯಯವನ್ನು ಒಬ್ಬೊಬ್ಬರಿಗೆ ಹಂಚಿಕೊಡಲು ಶಾಸ್ತ್ರಗ್ರಂಥ ಬಿಡುವುದಿಲ್ಲ. ಅಕ್ಷರಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಅವನು ಮೊದಲ ಅಧ್ಯಾಯದಲ್ಲೇ ಉತ್ತರ ಕೊಟ್ಟಿದ್ದಾನೆ. ಸತ್ಯ ಸಣ್ಣ ಅಕ್ಷರಗಳಲ್ಲೂ ಇರುತ್ತದೆಂದು ಅವನು ನಂಬಿದ್ದ. ಮೂವತ್ತು ವರ್ಷ ಮಕ್ಕಳ ನೋಟುಪುಸ್ತಕದಲ್ಲಿ ಪ್ರತ್ಯಯ ತಿದ್ದಿದ ನನಗೆ ಆ ಬಿಷಪ್ ಹತ್ತಿರದ ಬಂಧುವಿನಂತೆ ಕಂಡ.

ಅವನು 379ರಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ, 381ರಲ್ಲಿ, ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸೇರಿದ ಸಭೆಯೊಂದಿಗೆ ನಾವು ಗುರುತಿಸುವ ವಿಶ್ವಾಸಪ್ರಮಾಣದಲ್ಲಿ ಆತ್ಮನು ತಂದೆಯ ಮತ್ತು ಮಗನ ಸಂಗಡ ಆರಾಧನೆಗೆ ಯೋಗ್ಯನೆಂಬ ಮಾತು ಸೇರ್ಪಡೆಯಾಯಿತು. ನಮ್ಮ ದೇವಾಲಯದಲ್ಲಿ ಅದನ್ನು ಹೇಳುವಾಗಲೆಲ್ಲ ಆ ‘ಸಂಗಡ’ದ ಹತ್ತಿರ ನನ್ನ ದನಿ ತಾನಾಗಿ ಗಟ್ಟಿಯಾಗುತ್ತದೆ.

ಅವ್ವನ ಪ್ರತ್ಯಯದ ಲೆಕ್ಕವೂ ಈ ನಡುವೆ ಚುಕ್ತಾ ಆಯಿತು. ತಪ್ಪು ನನ್ನದೇ. ಸಂಸ್ಕೃತದಲ್ಲಿ ಲಿಂಗ ಪದಕ್ಕೆ ಅಂಟಿಕೊಂಡಿರುತ್ತದೆ. ಹೆಂಡತಿ ಎಂಬ ಅರ್ಥದ ‘ಕಲತ್ರ’ ಅಲ್ಲಿ ನಪುಂಸಕಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ. ಕೇಶಿರಾಜನ ಶಬ್ದಮಣಿದರ್ಪಣ ಓದಿದವರಿಗೆ ಇದು ಗೊತ್ತು. ಅದನ್ನು 1872ರಲ್ಲಿ ಸಂಪಾದಿಸಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ತಂದವರು ಕಿಟ್ಟೆಲ್. ನಮ್ಮ ಹಿರಿಯರಿಗೆ ಸತ್ಯವೇದ ಕೊಟ್ಟ ಮಿಶನ್ನೇ ಅದು. ‘ಆತ್ಮ’ ಎಂದರೆ ಉಸಿರೋ ಚೈತನ್ಯವೋ ಆದಾಗ ‘ಆತ್ಮವು’. ‘ಪರಮಾತ್ಮ’, ‘ಮಹಾತ್ಮ’ ಎಂದು ಒಬ್ಬನನ್ನು ಹೇಳುವಾಗ ‘ಆತ್ಮನು’. ಗ್ರೀಕಿನ ‘ಪ್ನ್ಯೂಮ’ ನಪುಂಸಕಲಿಂಗ, ಹೀಬ್ರೂವಿನ ‘ರೂಆಖ್’ ಬಹುತೇಕ ಸ್ತ್ರೀಲಿಂಗ. ಅಲ್ಲಿ ಲಿಂಗ ವ್ಯಾಕರಣದ ಮಾತು, ಅದರಿಂದ ಏನನ್ನೂ ತೀರ್ಮಾನಿಸಲಾಗದು. ಕನ್ನಡದಲ್ಲಿ ಮಾತ್ರ ಹೇಳುವವರು ತಾವು ಯಾರನ್ನು ಕುರಿತು ಮಾತಾಡುತ್ತಿದ್ದೇವೆಂದು ನಿರ್ಧರಿಸದೆ ವಾಕ್ಯ ಮುಗಿಸಲಾರರು. ಅಪೊಸ್ತಲರ ಕೃತ್ಯಗಳಲ್ಲಿ ಆತ್ಮನು ಮಾತಾಡುತ್ತಾನೆ, ಕಳಿಸುತ್ತಾನೆ, ಬೇಡವೆಂದು ತಡೆಯುತ್ತಾನೆ. ಅನನೀಯನು ಪವಿತ್ರಾತ್ಮನಿಗೆ ಸುಳ್ಳು ಹೇಳಿದ್ದನ್ನು ಪೇತ್ರನು ದೇವರಿಗೇ ಹೇಳಿದ ಸುಳ್ಳೆನ್ನುತ್ತಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಆತ್ಮನನ್ನು ದುಃಖಪಡಿಸಬೇಡಿ ಎಂಬ ಬುದ್ಧಿಮಾತಿದೆ. ಸಾಮಾನಿಗೆ ದುಃಖವಾಗುವುದಿಲ್ಲ. ಅವ್ವ ಇದನ್ನೆಲ್ಲ ಹುಡುಕಿ ನೋಡಿದವಳಲ್ಲ. ದಿನಾ ಸಂಜೆ ಓದಿದ್ದನ್ನು ಕೇಳಿದವಳು.

ಅಪ್ಪ ಹೋದ ಆರನೆಯ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಮಿದುಳಿನ ಎಡಭಾಗದಲ್ಲಿ ಮಾತನ್ನು ಕಟ್ಟಿಕೊಡುವ ಜಾಗಕ್ಕೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಕೇಳಿದ್ದು ತಿಳಿಯುತ್ತಿತ್ತು, ಹೇಳಲು ಆಗುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಒಂದೊಂದೇ ಪದ ಮರಳಿ ಬರತೊಡಗಿತು: ನೀರು. ಹಾಸಿಗಿ. ಬಿಸಲು. ಬಂದದ್ದು ಹೆಸರುಗಳು ಮಾತ್ರ, ಬರಿಯ ಪ್ರಕೃತಿ. ಕ್ರಿಯಾಪದ ಇಲ್ಲ, ಪ್ರತ್ಯಯ ಇಲ್ಲ. ‘ನೀರು ಕುಡಿತೀನಿ’ ಎನ್ನಲಾಗದು, ‘ಬಿಸಲಾಗ’ ಎನ್ನಲಾಗದು. ಮಾತಿನ ಚಿಕಿತ್ಸೆಗೆ ಬರುತ್ತಿದ್ದ ಹುಡುಗಿ ಇಂಥ ಪೆಟ್ಟಿನಲ್ಲಿ ಹೀಗಾಗುವುದುಂಟು, ಪದದ ಬಾಲಗಳು ಮೊದಲು ಹೋಗುತ್ತವೆ, ಮರಳುವುದೂ ಕಡೆಗೆ ಎಂದು ಹೇಳಿದಳು. ಎರಡು ಪದ ಕೊಟ್ಟು ಯಾವುದು ಎಂದು ಕೇಳುವುದನ್ನು ನನಗೆ ಕಲಿಸಿಕೊಟ್ಟಳು. ಚಹಾ ಬೇಕೊ, ಹಾಲು ಬೇಕೊ? ಅವ್ವ ಎಡಗೈ ಎತ್ತುವಳು.

ಮನೆಯ ಪ್ರಾರ್ಥನೆ ಈಗ ನನ್ನ ಪಾಲಿಗೆ ಬಂತು. ಒಂದು ಸಂಜೆ ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಓದುತ್ತಿದ್ದೆ. ಚಿಕ್ಕಂದಿನಿಂದ ಗೊತ್ತಿದ್ದ ಅಧ್ಯಾಯ, ಆದರೆ ಆ ಮಂಚದ ಪಕ್ಕದಲ್ಲಿ ಕೂತು ಓದಿರಲಿಲ್ಲ. ಹೇಗೆ ಬೇಡಬೇಕೆಂದು ತಿಳಿಯದ ನಮ್ಮೊಳಗೆ ಆತ್ಮನು ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ. ಹೃದಯಗಳನ್ನು ಬಲ್ಲ ದೇವರಿಗೆ ಅದು ತಿಳಿಯುತ್ತದೆ. ಕೆಲವು ವಚನಗಳ ನಂತರ, ದೇವರ ಬಲಗಡೆಯಲ್ಲಿರುವ ಕ್ರಿಸ್ತನೂ ನಮಗಾಗಿ ಬೇಡುತ್ತಾನೆ. ಒಳಗೆ ಒಬ್ಬ, ಅಲ್ಲಿ ಒಬ್ಬ, ಕೇಳಿಸಿಕೊಳ್ಳುವವನು ಒಬ್ಬ. ಮಾತು ಕಳೆದುಕೊಂಡವಳ ಪ್ರಾರ್ಥನೆ ಎಲ್ಲೂ ತುಂಡಾಗದಂತೆ ಮೂರೂ ಕಡೆಯಿಂದ ಹಿಡಿದುಕೊಂಡಂತಿತ್ತು. ನಾನು ಓದುವುದನ್ನು ನಿಲ್ಲಿಸಿದೆ. ತುಸು ಹೊತ್ತು ದನಿ ಬರಲಿಲ್ಲ.

ಅವ್ವನ ತುಟಿಗಳು ಅಲುಗಾಡಿದವು. “ಅಪ್ಪ” ಎಂದಳು. ತಡೆದು, “ಯೇಸು” ಎಂದಳು. ಮತ್ತೆ ಬಹಳ ಹೊತ್ತು ಹುಡುಕಿ, ಹಣೆಯಲ್ಲಿ ಬೆವರು ಮೂಡಿ, “ಆತ್ಮ” ಎಂದಳು. ಅಲ್ಲಿಗೆ ನಿಂತಳು. ಮುಂದಿನದು ಬೇಕಾಗಿತ್ತು, ಬರುತ್ತಿರಲಿಲ್ಲ. ಕಣ್ಣು ನನ್ನ ಕಡೆ ತಿರುಗಿತು.

ಚಿಕಿತ್ಸೆಯ ಹುಡುಗಿ ಕಲಿಸಿದಂತೆ ಎರಡು ಕೊಟ್ಟೆ.

“ಆತ್ಮವು?”

ಎಡಗೈಯನ್ನು ಹೊದಿಕೆಯ ಮೇಲೆ ಇಟ್ಟಂತೆಯೇ ಇಟ್ಟು ತಲೆ ಅಡ್ಡ ಆಡಿಸಿದಳು.

“ಆತ್ಮನು?”

ಕೈ ಎದ್ದಿತು. ಎದ್ದ ಕೈಯನ್ನು ನಾನು ಹಿಡಿದುಕೊಂಡೆ. ಓಣಿಯಲ್ಲಿ ಇನ್ನೂ ಮಗ್ಗ ಆಡುತ್ತಿತ್ತು. ಅವ್ವ ಕಣ್ಣು ಮುಚ್ಚಿಕೊಂಡು, ಉಳಿದದ್ದನ್ನು ನಾನು ಹೇಳಲೆಂದು ಕಾಯುತ್ತ ಮಲಗಿದಳು.